ಪಿಯು ಮುಗಿದು ಸಿಇಟಿ ಬರುವಷ್ಟರಲ್ಲಿ

ಮಾರ್ಚ್ ಮೂರನೇ ವಾರದ ಹೊತ್ತಿಗೆ ದ್ವಿತೀಯ ಪಿಯು ಪರೀಕ್ಷೆ ಮುಗಿದಿರುತ್ತದೆ. ಏಪ್ರಿಲ್ ನಡುವಿಗೆ ಸಿಇಟಿ. ಮಧ್ಯೆ ಸಿಗುವುದು ಮೂರೋ ನಾಲ್ಕೋ ವಾರ. ಅದರಲ್ಲೇ ಎರಡು ವರ್ಷದ ದಣಿವೂ ಕಳೆಯಬೇಕು. ಆಗಲೇ ಮನೆಗೆ ದಪ್ಪ ದಪ್ಪ ಗೈಡುಗಳು ಬರುತ್ತವೆ, ಊರ ಸರ್ಕಲ್ಲುಗಳಲ್ಲಿ ಕ್ರ್ಯಾಶ್ ಕೋರ್ಸಿನ ಫ್ಲೆಕ್ಸ್‌ಗಳು ಏಳುತ್ತವೆ. ಜೊತೆಗೆ ಹಿರಿಯರ ಸಲಹೆ: ‘ಇಡೀ ಪೋರ್ಷನ್ ಮೊದಲಿಂದ ಇನ್ನೊಂದು ಸಲ ಓದಿಬಿಡು.’ ಕಡಿಮೆ ದಿನ ಇರುವ ಮಗುವಿಗೆ ಇದಕ್ಕಿಂತ ನಷ್ಟದ ಸಲಹೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಪರೀಕ್ಷೆಯ ಲೆಕ್ಕ ನೋಡಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅದರಲ್ಲಿ ಹತ್ತು ನಿಮಿಷ ಒಎಂಆರ್ ಹಾಳೆ, ಪ್ರಶ್ನೆಪುಸ್ತಿಕೆಯ ವಿವರ ತುಂಬುವುದರಲ್ಲಿ ಹೋಗುತ್ತದೆ. ಉಳಿದ 70 ನಿಮಿಷದಲ್ಲಿ ಒಂದು ಪ್ರಶ್ನೆಯ ಪಾಲಿಗೆ ಬರುವುದು 70 ಸೆಕೆಂಡು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಪಾಲು ಅರ್ಧ, ಸಿಇಟಿಯದು ಅರ್ಧ. ಪಿಯುವಿನ ಅರ್ಧ ಬರೆದಾಗಿದೆ. ಈಗ ಕೈಯಲ್ಲಿರುವುದು ಈ 70 ಸೆಕೆಂಡುಗಳ ಅರ್ಧ.

ಒಂದು ಪ್ರಶ್ನೆ ತೆಗೆದುಕೊಳ್ಳೋಣ. ವಿಕಿರಣಶೀಲ ವಸ್ತುವೊಂದು 40 ದಿನಗಳಲ್ಲಿ ಹದಿನಾರನೇ ಒಂದು ಭಾಗಕ್ಕೆ ಇಳಿದಿದೆ, ಅದರ ಅರ್ಧಾಯು ಎಷ್ಟು? ಪಿಯು ಪರೀಕ್ಷೆಗೆ ಪಳಗಿದ ಕೈ ಮೊದಲು ಸೂತ್ರ ಬರೆಯುತ್ತದೆ, ಲಾಗ್ ಹಾಕುತ್ತದೆ, ಕ್ಷಯ ಸ್ಥಿರಾಂಕ ಕಂಡುಹಿಡಿಯುತ್ತದೆ. ಅಲ್ಲಿ ಹಂತಹಂತಕ್ಕೂ ಅಂಕವಿತ್ತು. ಇಲ್ಲಿ ಹಂತಗಳನ್ನು ಯಾರೂ ನೋಡುವುದಿಲ್ಲ. ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು: ನಾಲ್ಕು ಸಲ ಅರ್ಧವಾಗಿದೆ, ನಲವತ್ತನ್ನು ನಾಲ್ಕರಿಂದ ಭಾಗಿಸಿದರೆ ಹತ್ತು ದಿನ. ಹದಿನೈದು ಸೆಕೆಂಡೂ ಬೇಡ. ಎರಡು ದಾರಿಯೂ ಸರಿಯೇ. ಆದರೆ ಮೊದಲ ದಾರಿ ಹಿಡಿದವರು ಕೊನೆಯ ಹತ್ತು ಪ್ರಶ್ನೆ ತಲುಪುವ ಮೊದಲೇ ಗಂಟೆ ಬಾರಿಸುತ್ತದೆ. ಬುದ್ಧಿವಂತ ಮಕ್ಕಳು ಸಿಇಟಿಯಲ್ಲಿ ಹಿಂದೆ ಬೀಳುವುದು ಎಷ್ಟೋ ಸಲ ಹೀಗೆ. ಪಾಠ ಗೊತ್ತಿರುತ್ತದೆ, ಈ ಬಗೆಯ ಓಟ ಅಭ್ಯಾಸವಾಗಿರುವುದಿಲ್ಲ. ಪುಸ್ತಕವನ್ನು ಎಷ್ಟು ಸಲ ತಿರುವಿಹಾಕಿದರೂ ಈ ಓಟ ಬರುವುದಿಲ್ಲ.

ತಿರುವಿಹಾಕುವುದರ ಮೇಲಿನ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ಮುಚ್ಚಿಟ್ಟು ನೆನಪಿದ್ದುದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ 40ರಷ್ಟು ನೆನಪಿತ್ತು, ಬರೆದವರಿಗೆ ಶೇ 61ರಷ್ಟು. ಓದಿದ ಕೂಡಲೇ ‘ಎಲ್ಲ ಬಂತು’ ಅನಿಸುತ್ತದಲ್ಲ, ಮಕ್ಕಳನ್ನು ಕೈಬಿಡುವುದು ಅದೇ ಭಾವನೆ.

ಹಾಗಾಗಿ ಈ ವಾರಗಳಲ್ಲಿ ಮುಖ್ಯ ಪುಸ್ತಕ ಹಳೆಯ ಪ್ರಶ್ನೆಪತ್ರಿಕೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಅವು ಕೀ ಉತ್ತರಗಳ ಸಮೇತ ಪುಕ್ಕಟೆ ಸಿಗುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಪಟ್ಟಣದಲ್ಲಿ ಉಳಿಯಲಾಗದ ಹಳ್ಳಿಯ ಮಕ್ಕಳಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಕು. ಈಗಿನ ಪಠ್ಯದಿಂದ ಕೈಬಿಟ್ಟ ಪಾಠಗಳ ಪ್ರಶ್ನೆಗಳನ್ನು ಮಾತ್ರ ಹಾರಿಸಿಬಿಡಿ. 2024ರಲ್ಲಿ ಅಂಥ ಪ್ರಶ್ನೆಗಳು ನಿಜವಾದ ಪರೀಕ್ಷೆಯಲ್ಲೇ ಬಂದು, ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು.

ಬೆಳಿಗ್ಗೆ ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಗಡಿಯಾರ ಎದುರಿಗಿಟ್ಟು, ಒಂದು ಪತ್ರಿಕೆ ಪೂರ್ತಿ ಬಿಡಿಸಬೇಕು. ಆದರೆ ಅಂಕ ಏರುವುದು ಪತ್ರಿಕೆ ಮುಗಿದ ಮೇಲಿನ ಒಂದು ಗಂಟೆಯಲ್ಲಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಯಾಕೆ ತಪ್ಪಿತು ಎಂದು ಬರೆಯಬೇಕು. ಪಾಠವೇ ಗೊತ್ತಿಲ್ಲವೋ, ಸೂತ್ರ ಮರೆಯಿತೋ, ಗೊತ್ತಿದ್ದೂ ಕೈ ತಪ್ಪಿತೋ? ಮೂರನೆಯ ಬಗೆಯದು ನೀವಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂದಿದ್ದಲ್ಲಿ ಸರಿಯಾದದ್ದನ್ನು ಗುರುತಿಸಿರುತ್ತಾರೆ. ಸೆಂಟಿಮೀಟರನ್ನು ಮೀಟರಿಗೆ ತಂದಿರುವುದಿಲ್ಲ. ಈ ತಪ್ಪುಗಳನ್ನು ತಿದ್ದಲು ಹೊಸದೇನೂ ಓದಬೇಕಿಲ್ಲ. ಮರೆತ ಸೂತ್ರಗಳಿಗೆ ಸಂಜೆಯ ಒಂದು ತಾಸು ಕೊಡಿ. ಗೊತ್ತೇ ಇಲ್ಲದ ಪಾಠಗಳಲ್ಲಿ, ಅದರಲ್ಲೂ ಪ್ರಥಮ ಪಿಯುನಲ್ಲಿ ಮರೆತುಬಿಟ್ಟವುಗಳಲ್ಲಿ, ಚಿಕ್ಕವನ್ನು ಆರಿಸಿಕೊಂಡು ದೊಡ್ಡವನ್ನು ಧೈರ್ಯವಾಗಿ ಬಿಡಿ. ಬಿಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಇಪ್ಪತ್ತು ದಿನಕ್ಕೆ ಎಲ್ಲವೂ ಹಿಡಿಸುವುದಿಲ್ಲ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವವರು ಆ ಹೆದರಿಕೆಯನ್ನು ಇಲ್ಲಿಗೂ ತಂದು ವೃತ್ತಗಳನ್ನು ಖಾಲಿ ಬಿಡುತ್ತಾರೆ. ಗೊತ್ತಿಲ್ಲದ 12 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಮೂರು ಸರಿಯಾಗುತ್ತವೆ. ಎರಡೆರಡು ಆಯ್ಕೆ ತಳ್ಳಿಹಾಕಲು ಬಂದರೆ ಆರು. ಮೊದಲು ಹೊಳೆದ ಉತ್ತರವನ್ನು ಬದಲಿಸಬಾರದೆಂಬ ಮಾತೂ ಪೂರ್ತಿ ಸರಿಯಲ್ಲ. ಉತ್ತರ ಬದಲಿಸಿದವರಲ್ಲಿ ತಪ್ಪಿನಿಂದ ಸರಿಗೆ ಬಂದವರೇ ಹೆಚ್ಚು ಎಂದು ಅಧ್ಯಯನಗಳು ಮತ್ತೆಮತ್ತೆ ತೋರಿಸಿವೆ. ಆದರೆ ಒಎಂಆರ್‌ನಲ್ಲಿ ಬಾಲ್‌ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು. ಅನುಮಾನವಿದ್ದರೆ ಪುಸ್ತಿಕೆಯಲ್ಲೇ ಚುಕ್ಕೆ ಇಟ್ಟು ಮುಂದೆ ಹೋಗಿ, ಎರಡನೇ ಸುತ್ತಿನಲ್ಲಿ ತೀರ್ಮಾನಿಸಿ ತುಂಬಿ.

ಪರೀಕ್ಷೆಯ ದಿನ ಬೆಳಗಿನ ಪತ್ರಿಕೆ 11.50ಕ್ಕೆ ಮುಗಿದರೆ ಮಧ್ಯಾಹ್ನದ್ದು 2.30ಕ್ಕೆ. ಆ ಬಿಡುವಿನಲ್ಲಿ ಕೇಂದ್ರದ ಹೊರಗೆ ಮರದಡಿ ನಿಂತು ಉತ್ತರ ತಾಳೆ ನೋಡುವ ಗುಂಪಿಗೆ ಮಗುವನ್ನು ಬಿಡಬೇಡಿ. ಕಾಯುತ್ತಿರುವ ಅಪ್ಪ ಅಮ್ಮಂದಿರೂ ‘ಎಷ್ಟು ಬರಬಹುದು’ ಎಂದು ಕೇಳದಿದ್ದರೆ ಒಳ್ಳೆಯದು. ಮೊಸರನ್ನದ ಡಬ್ಬಿ ಬಿಚ್ಚಿಕೊಡಿ, ಮಧ್ಯಾಹ್ನದ ವಿಷಯದ ತಪ್ಪುಗಳ ಪಟ್ಟಿ ಕೈಗಿಡಿ.