ನೆಲ ನಿಜವಾಗಿಯೂ ಡೊಂಕೆ? ಪೂಲ್ ಮೇಜು ಮತ್ತು ಭೌತವಿಜ್ಞಾನ

ಕೇರಂ ಆಡುವವರಿಗೆಲ್ಲ ಪರಿಚಿತವಾದ ಅನುಭವವೊಂದುಂಟು. ತನ್ನ ಮನೆಯ ಹಲಗೆಯ ಮೇಲೆ ಸೋಲನ್ನೇ ಕಾಣದವನು ನೆರೆಮನೆಯ ಹಲಗೆಯ ಮುಂದೆ ಕುಳಿತೊಡನೆ ತಪ್ಪತೊಡಗುತ್ತಾನೆ. 'ಹಲಗೆ ಸರಿಯಿಲ್ಲ' ಎಂದು ಅವನು ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಉಳಿದವರು ನಗುತ್ತಾರೆ.

ಪೂಲ್ ಆಟದಲ್ಲಿಯೂ ಇದೇ ವಿವಾದವುಂಟು. ಅಮೆರಿಕದಲ್ಲಿ ಬ್ರನ್ಸ್‌ವಿಕ್ ಕಂಪನಿಯ ಮೇಜನ್ನು ಮೆಚ್ಚುವವರದೊಂದು ಪಕ್ಷ, ಡೈಮಂಡ್ ಮೇಜನ್ನು ಮೆಚ್ಚುವವರದು ಇನ್ನೊಂದು. ಒಂದರ ಮೇಲೆ ಪಳಗಿದವನು ಪಂದ್ಯದ ದಿನ ಮತ್ತೊಂದರ ಮುಂದೆ ನಿಂತು ಎರಡು ಹೊಡೆತ ತಪ್ಪಿದರೆ ಬಹುಮಾನವೇ ಕೈಬಿಟ್ಟೀತು. ದೋಷವು ಕೈಯದೋ ಮೇಜಿನದೋ ಎಂಬುದನ್ನು ಪರಿಶೀಲಿಸೋಣ.

ಆಟವನ್ನು ಕಾಣದ ವಾಚಕರಿಗೆ ಒಂದು ಮಾತು. ಒಂಬತ್ತಡಿಯ ಪೂಲ್ ಮೇಜಿನಲ್ಲಿ ಆಡುವ ಜಾಗ 100 ಅಂಗುಲ ಉದ್ದ, 50 ಅಂಗುಲ ಅಗಲ. ಸ್ಲೇಟುಕಲ್ಲಿನ ಚಪ್ಪಡಿಯ ಮೇಲೆ ಉಣ್ಣೆಯ ಬನಾತನ್ನು ಬಿಗಿದು, ಸುತ್ತಲೂ ರಬ್ಬರಿನ ಕುಷನ್ನುಗಳನ್ನು ಕೂಡಿಸಿರುತ್ತಾರೆ. ಎರಡೂಕಾಲು ಅಂಗುಲ ವ್ಯಾಸದ ಚೆಂಡುಗಳನ್ನು ಕೋಲಿನಿಂದ ಹೊಡೆದು ಆರು ಪಾಕೆಟ್ಟುಗಳಲ್ಲಿ ಬೀಳಿಸುವುದೇ ಆಟ.

ಮೊದಲು ನೆಲವನ್ನೇ ನೋಡೋಣ. ಹಿಂದೆ ಮೇಜಿನ ಹಾಸು ಮರದ್ದಾಗಿತ್ತು, ಮರ ಬಾಗುತ್ತಿತ್ತು. 1826ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಸ್ಲೇಟನ್ನು ಬಳಕೆಗೆ ತಂದನು. ಆದರೆ ಚಪ್ಪಡಿ ಸಮತಲವಾಗಿದ್ದರೆ ಸಾಲದು, ಮಟ್ಟವಾಗಿಯೂ ಕೂತಿರಬೇಕು. ಒಂದು ಮೀಟರಿಗೆ ಒಂದೇ ಒಂದು ಮಿಲಿಮೀಟರಿನಷ್ಟು ಮೇಜು ಪಕ್ಕಕ್ಕೆ ವಾಲಿದೆಯೆಂದಿಟ್ಟುಕೊಳ್ಳಿ. ಕಣ್ಣಿಗೆ ಅದು ಕಾಣದು. ಆದರೂ ಮೆಲ್ಲನೆ ಉರುಳಿ ಒಂದು ಮೀಟರು ಸಾಗಿ ನಿಲ್ಲುವ ಚೆಂಡು, ಬನಾತಿನ ಉರುಳುಘರ್ಷಣೆಯ ಗುಣಾಂಕ 0.01 ಎಂದು ಲೆಕ್ಕ ಹಾಕಿದರೆ, ಮೂರು ಸೆಂಟಿಮೀಟರಿಗೂ ಮಿಗಿಲಾಗಿ ಪಕ್ಕಕ್ಕೆ ಸರಿಯುತ್ತದೆ. ಅಂದರೆ ತನ್ನ ಅರ್ಧ ಮೈಗಿಂತಲೂ ಹೆಚ್ಚು! ಕುಣಿಯಲಾರದವಳ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದು ಮೇಜನ್ನು ನಿಲ್ಲಿಸಿದ ಕುಶಲಕರ್ಮಿಯ ತಪ್ಪೇ ಹೊರತು, ತಯಾರಿಸಿದ ಕಂಪನಿಯದಲ್ಲ.

ಬನಾತಿನ ವಿಷಯವೂ ಹೀಗೆಯೇ. ಗುಣಾಂಕ 0.01 ಇರುವ ನುಣ್ಣನೆಯ ಬಟ್ಟೆಯ ಮೇಲೆ ಸೆಕೆಂಡಿಗೆ ಒಂದು ಮೀಟರು ವೇಗದ ಚೆಂಡು ಸುಮಾರು 5 ಮೀಟರು ಉರುಳುತ್ತದೆ, ಗುಣಾಂಕ 0.0125 ಆದರೆ 4 ಮೀಟರಿಗೇ ನಿಲ್ಲುತ್ತದೆ. ಬಟ್ಟೆಯನ್ನು ಯಾವ ಮೇಜಿಗಾದರೂ ಬದಲಾಯಿಸಬಹುದು. ಅದು ತೇವವನ್ನು ಹೀರಿದರೆ ಚೆಂಡು ನಿಧಾನವಾಗುತ್ತದೆ. ಮಳೆಗಾಲದಲ್ಲಿ ಕೇರಂ ಹಲಗೆಗೆ ಎಷ್ಟು ಪುಡಿ ಸುರಿದರೂ ಸಾಲದೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಸ್ಲೇಟಿನ ಅಡಿಯಲ್ಲಿ ವಿದ್ಯುತ್ತಿನಿಂದ ಕಾವು ಕೊಟ್ಟು ಬಟ್ಟೆಯನ್ನು ಒಣಗಿಸಿಡುವುದುಂಟು.

ಹಾಗಾದರೆ ತಯಾರಕನ ಪಾಲು ಯಾವುದು? ಮುಖ್ಯವಾಗಿ ಕುಷನ್ನು. ಥರ್ಸ್ಟನ್ನನು 1835ರ ಸುಮಾರಿಗೆ ರಬ್ಬರಿನ ಕುಷನ್ನನ್ನು ತಂದಾಗ ಒಂದು ಪೇಚು ಎದುರಾಯಿತು. ಹಸಿ ರಬ್ಬರು ಚಳಿಗೆ ಕಲ್ಲಿನಂತೆ ಗಡುಸಾಗುತ್ತಿತ್ತು. ಆಟಕ್ಕೆ ಮುಂಚೆ ಬಿಸಿನೀರು ತುಂಬಿದ ಲೋಹದ ಪಾತ್ರೆಗಳನ್ನು ಒತ್ತಿಟ್ಟು ಅದನ್ನು ಮೆತ್ತಗಾಗಿಸಬೇಕಾಗಿತ್ತು! ಗಂಧಕದೊಡನೆ ಕಾಯಿಸಿ ಹದಮಾಡಿದ ರಬ್ಬರು ಬಂದ ಮೇಲೆಯೇ ಈ ಕಷ್ಟ ತಪ್ಪಿತು.

ರಬ್ಬರಿನಷ್ಟೇ ಮುಖ್ಯವಾದುದು ಅದರ ಮೂತಿಯ ಎತ್ತರ. ಉರುಳುತ್ತ ಬಂದ ಚೆಂಡನ್ನು ಅದರ ಕೇಂದ್ರದ ಮಟ್ಟದಲ್ಲಿಯೋ ಇನ್ನೂ ಕೆಳಗೋ ತಡೆದರೆ ಅದು ಮೇಲಕ್ಕೆ ನೆಗೆಯುತ್ತದೆ. ಗಣಿತದ ಪ್ರಕಾರ, ವ್ಯಾಸದ ಹತ್ತರಲ್ಲಿ ಏಳು ಪಾಲಿನ ಎತ್ತರದಲ್ಲಿ ಅಡ್ಡನೆಯ ತಳ್ಳು ಬಿದ್ದರೆ ಚೆಂಡು ಜಾರದೆ ಉರುಳುತ್ತಲೇ ಹಿಂದಿರುಗಬೇಕು. ಆದರೆ ಅಷ್ಟು ಎತ್ತರದ ಮೂತಿ ಚೆಂಡಿನ ನೆತ್ತಿಯತ್ತ ಬಾಗಿ ಅದನ್ನು ಸ್ಲೇಟಿಗೆ ಒತ್ತುತ್ತದೆ. ವೇಗ ನಷ್ಟವಾಗುತ್ತದೆ, ಬಟ್ಟೆಯೂ ಸವೆಯುತ್ತದೆ. ಆದುದರಿಂದ ಅಂತರರಾಷ್ಟ್ರೀಯ ನಿಯಮವು ವ್ಯಾಸದ ನೂರಕ್ಕೆ 63.5ರಷ್ಟು ಎತ್ತರವನ್ನು ವಿಧಿಸಿ, ಆಚೆ ಈಚೆ ನೂರಕ್ಕೆ ಒಂದರಷ್ಟು ರಿಯಾಯಿತಿ ಕೊಟ್ಟಿದೆ. ಮಿಲಿಮೀಟರಿನಲ್ಲಿ ಇದು ಸುಮಾರು 35.7ರಿಂದ 36.9ರವರೆಗೆ. ನಿಯಮವನ್ನು ಮೀರದೆಯೇ ಇಬ್ಬರು ತಯಾರಕರ ನಡುವೆ ಒಂದು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸವಿರಬಹುದು! ಇದಕ್ಕೆ ರಬ್ಬರಿನ ಗಡಸುತನದ ಭೇದವೂ ಸೇರಿದರೆ ಹಿಂದಿರುಗುವ ವೇಗವೂ ಕೋನವೂ ಬೇರೆಯಾಗುತ್ತವೆ. ಪತನಕೋನಕ್ಕೆ ಪ್ರತಿಫಲನಕೋನ ಸಮವೆಂಬ ಬೆಳಕಿನ ನಿಯಮವನ್ನು ನೆಚ್ಚಿಕೊಂಡ ವಿದ್ಯಾರ್ಥಿ ಇಲ್ಲಿ ಮೋಸಹೋಗುತ್ತಾನೆ. ಒಂದೇ ಮೇಜಿನಲ್ಲಿಯೂ ಬಲವಾಗಿ ಹೊಡೆದ ಚೆಂಡು ಮೆಲ್ಲನೆ ಹೊಡೆದುದಕ್ಕಿಂತ ಕಿರಿದಾದ ಕೋನದಲ್ಲಿ ಮರಳುವುದುಂಟು.

ಇನ್ನು ಪಾಕೆಟ್ಟಿನ ಬಾಯಿ. 1961ರಲ್ಲಿ ಹೊರಬಂದ ಬ್ರನ್ಸ್‌ವಿಕ್ ಗೋಲ್ಡ್ ಕ್ರೌನ್ ಮಾದರಿಯ ಹಳೆಯ ಮೇಜುಗಳಲ್ಲಿ ಮೂಲೆಯ ಬಾಯಿ ಐದಂಗುಲದ ಸಮೀಪವಿರುತ್ತಿತ್ತು. ಪಂದ್ಯಗಳ ಡೈಮಂಡ್ ಮೇಜುಗಳಲ್ಲಿ ಅದು ನಾಲ್ಕೂವರೆ. ಅರ್ಧ ಅಂಗುಲ ಅಲ್ಪವೆನಿಸಬಹುದು. ಆದರೆ ಚೆಂಡಿನ ಗಾತ್ರವನ್ನು ಕಳೆದು ನೋಡಿದರೆ, ಒಂದರಲ್ಲಿ ಉಳಿಯುವ ಸಡಿಲು ಎರಡೂಮುಕ್ಕಾಲು ಅಂಗುಲ, ಇನ್ನೊಂದರಲ್ಲಿ ಎರಡೂಕಾಲು. ಅಗಲವಾದ ಬಾಯಿ ಆಟಗಾರನ ಸಣ್ಣ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಅವನಿಗೆ ತನ್ನ ತಪ್ಪಿನ ಅರಿವೇ ಆಗುವುದಿಲ್ಲ. ಕಿರಿಬಾಯಿಯ ಮೇಜಿಗೆ ಬಂದ ದಿನ ಅವೆಲ್ಲ ಒಮ್ಮೆಗೇ ಬಯಲಾಗುತ್ತವೆ. ಹಾಗೆ ಸೋತವನು ಮೇಜನ್ನು ದೂರುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಕುಷನ್ನನ್ನು ದೂರಿದರೆ ಮಾತ್ರ ಕಿವಿಗೊಡಬೇಕು.

ಆಟದ ಆರಂಭದಲ್ಲಿ ಇಬ್ಬರೂ ತಲಾ ಒಂದು ಚೆಂಡನ್ನು ಎದುರು ಕುಷನ್ನಿಗೆ ಮುಟ್ಟಿಸಿ ಹಿಂದಕ್ಕೆ ತರುತ್ತಾರೆ. ತನ್ನ ಕಡೆಯ ಕುಷನ್ನಿಗೆ ಅತಿ ಸಮೀಪ ನಿಲ್ಲಿಸಿದವನು ಮೊದಲ ಹೊಡೆತ ಯಾರದೆಂಬುದನ್ನು ನಿರ್ಧರಿಸುತ್ತಾನೆ. ನಾಲ್ಕು ಮೀಟರಿಗೂ ಮಿಗಿಲಾದ ಆ ಪಯಣದಲ್ಲಿ ಬನಾತಿನ ಘರ್ಷಣೆ, ರಬ್ಬರಿನ ಪುಟಿತ, ನೆಲದ ವಾಲುವಿಕೆ ಮೂರೂ ಕಾಣಿಸಿಕೊಳ್ಳುತ್ತವೆ. ನುರಿತವರು ಆಗ ಎದುರಾಳಿಯ ಚೆಂಡನ್ನೂ ಕಣ್ಣಿಟ್ಟು ನೋಡುತ್ತಿರುತ್ತಾರೆ.