ನಿಮಗಿದು ಗೊತ್ತೆ? ಟೆಕ್ಸಸ್ ಸೇತುವೆಗೆ ಬೂದಿಯ ಬಲ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಸೇತುವೆ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲನ್ನು ಹಾರುಬೂದಿಗೆ, ಅಂದರೆ ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ಹಿಡಿದ ನುಣ್ಣನೆಯ ಬೂದಿಗೆ, ಬಿಟ್ಟುಕೊಡುವುದು ರೂಢಿ. ಟೆಕ್ಸಸ್ ಸಾರಿಗೆ ಇಲಾಖೆ ಒಪ್ಪುವ ಮಿಶ್ರಣಗಳಲ್ಲೊಂದರಲ್ಲಿ ಸಿಮೆಂಟಿನ ಶೇಕಡಾ 20ರಿಂದ 35ರಷ್ಟು ಪಾಲಿನ ಬದಲು ಸುಣ್ಣದಂಶ ಕಡಿಮೆಯಿರುವ ‘ಎಫ್’ ದರ್ಜೆಯ ಬೂದಿ ಇರುತ್ತದೆ.

ಇದು ಬರೀ ಉಳಿತಾಯದ ಲೆಕ್ಕವಲ್ಲ. 1990ರ ದಶಕದಲ್ಲಿ ಅಲ್ಲಿನ ಕೆಲವು ಎರಕದ ತೊಲೆಗಳು ಸೇತುವೆ ಏರುವ ಮೊದಲೇ ಬಿರುಕು ಬಿಟ್ಟಿದ್ದವು. ಇದಕ್ಕೊಂದು ಕಾರಣವಿದೆ: ಜಲ್ಲಿ, ಮರಳಿನಲ್ಲಿರುವ ಕೆಲವು ಬಗೆಯ ಸಿಲಿಕಾ ಸಿಮೆಂಟಿನ ಕ್ಷಾರದೊಂದಿಗೆ ಸೇರಿ ಅಂಟಾಗುತ್ತದೆ. ಆ ಅಂಟು ನೀರು ಕುಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬೂದಿ ಈ ಕ್ಷಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಕಾಂಕ್ರೀಟ್ ದಿಮ್ಮಿಗಳನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಒಡ್ಡಿ ಈ ಉಬ್ಬರವನ್ನು ಅಳೆಯುತ್ತದೆ.

ಬೂದಿಯ ಕಣಗಳು ಗುಂಡಗಿರುವುದರಿಂದ ಕಡಿಮೆ ನೀರಿಗೇ ಮಿಶ್ರಣ ಸಲೀಸಾಗಿ ಹರಿಯುತ್ತದೆ. ಗಟ್ಟಿಯಾಗುವಾಗ ಏಳುವ ಶಾಖವೂ ತಗ್ಗುತ್ತದೆ. ಟೆಕ್ಸಸ್ ಬೇಸಿಗೆಯಲ್ಲಿ ಇದು ದೊಡ್ಡ ಅನುಕೂಲ. ಆದರೆ ಮೊದಲ ದಿನಗಳಲ್ಲಿ ಬಲ ನಿಧಾನವಾಗಿ ಏರುತ್ತದೆ. ಆತುರದ ಗುತ್ತಿಗೆದಾರರಿಗೆ ಇದು ಹಿಡಿಸದು! ತಿಂಗಳುಗಳು ಕಳೆದಂತೆ ಅದೇ ಕಾಂಕ್ರೀಟ್ ಬರೀ ಸಿಮೆಂಟಿನದನ್ನು ಮೀರಿಸಬಲ್ಲದು. ಸುಣ್ಣದಂಶ ಹೆಚ್ಚಿರುವ ‘ಸಿ’ ದರ್ಜೆಯ ಬೂದಿಗೆ ಮಾತ್ರ ಬಿರುಕು ತಡೆಯುವ ಶಕ್ತಿ ಕಡಿಮೆ.

2018ರಲ್ಲಿ ಮಾಂಟಿಸೆಲೊ, ಬಿಗ್ ಬ್ರೌನ್, ಸ್ಯಾಂಡೋ ಕಲ್ಲಿದ್ದಲು ಸ್ಥಾವರಗಳು ಮುಚ್ಚಿದ ಮೇಲೆ ಟೆಕ್ಸಸ್‌ನಲ್ಲಿ ಬೂದಿಯ ಮೂಲಗಳು ಕಡಿಮೆಯಾದವು. ಅಮೆರಿಕದಲ್ಲಿ ಈಗ ಹಿಂದೆ ಹೂತ ಬೂದಿಯನ್ನೂ ಅಗೆದು, ಒಣಗಿಸಿ ಬಳಸುತ್ತಾರೆ.

ನಮ್ಮಲ್ಲಿ? ಅಂಗಡಿಯಲ್ಲಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನ) ಸಿಮೆಂಟ್ ಚೀಲದಲ್ಲೂ ಶೇಕಡಾ 15ರಿಂದ 35ರಷ್ಟು ಹಾರುಬೂದಿ ಇರಬಹುದು.