ಫೋನಿನೊಳಗಿನ ಗುರು, ಹಿಮದ ಮೇಲಿನ ಶಿಷ್ಯೆ

ಯೂಟ್ಯೂಬ್ ನೋಡಿಕೊಂಡು ಮೈಸೂರುಪಾಕು ಮಾಡಲು ಕಲಿತವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಸೀರೆಗೆ ಕುಚ್ಚು ಹಾಕುವುದು, ರವಿಕೆಗೆ ಕಸೂತಿ, ಹೊಸ ನಮೂನೆಯ ರಂಗೋಲಿ, ಎಲ್ಲಕ್ಕೂ ಈಗ ಅಂಗೈಯಲ್ಲೇ ಗುರು ಸಿಗುತ್ತಾನೆ. ಆದರೆ ಕಾಲಿಗೆ ಎರಡು ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಬೆಟ್ಟದಿಂದ ಜಾರಿ ಇಳಿಯುವ ಸ್ಕೀಯಿಂಗನ್ನೂ ಹೀಗೇ ಕಲಿಯುವವರಿದ್ದಾರೆ ಎಂದರೆ ನೀವು ನಗುತ್ತೀರೇನೋ. "ನಮ್ಮೂರಲ್ಲಿ ಬೀಳೋದು ಮಳೆ, ಹೆಚ್ಚೆಂದರೆ ಆಲಿಕಲ್ಲು, ನಮಗ್ಯಾಕೆ ಈ ಪುರಾಣ" ಎಂದು ಪುಟ ಮಗುಚಬೇಡಿ. ಅರ್ಧಂಬರ್ಧ ಬರುತ್ತಿದ್ದ ವಿದ್ಯೆಯೊಂದನ್ನು ನಲವತ್ತರ ವಯಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳಲು ಹೊರಟ ಹೆಂಗಸಿನ ವಿಷಯ ಇದು.

ಆಕೆ ನನ್ನ ನಾದಿನಿ. ಮದುವೆಯಾಗಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದವಳು. ಅಲ್ಲಿ ಚಳಿಗಾಲ ಬಂತೆಂದರೆ ಶನಿವಾರ ಬೆಳಿಗ್ಗೆ ರೈಲಿನ ತುಂಬ ಸ್ಕೀ ಹೊತ್ತವರೇ. ಒಂದೂವರೆ ಗಂಟೆ ಪ್ರಯಾಣ ಮಾಡಿದರೆ ಗಾರ್ಮಿಶ್ ಪಾರ್ಟೆನ್‌ಕಿರ್ಶೆನ್ ಎಂಬ ಊರು. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಊರಿನ ಬೆನ್ನಿಗೇ 2,962 ಮೀಟರ್ ಎತ್ತರದ ತ್ಸುಗ್‌ಸ್ಪಿಟ್ಸೆ, ಜರ್ಮನಿಯ ಅತಿ ಎತ್ತರದ ಶಿಖರ. ಇಳಿಜಾರುಗಳಿಗೆ ಬಣ್ಣದ ಗುರುತು ಹಾಕಿರುತ್ತಾರೆ. ನೀಲಿ ಎಂದರೆ ಸುಲಭ, ಕೆಂಪು ಮಧ್ಯಮ, ಕಪ್ಪು ಎಂದರೆ ಕಡಿದಾದದ್ದು.

ನಾದಿನಿ ಮೊದಲ ವರ್ಷ ಅಲ್ಲಿನ ಸ್ಕೀ ಶಾಲೆಗೆ ಒಂದು ವಾರ ಹೋಗಿ ಬೀಳದೆ ಇಳಿಯಲು ಕಲಿತಳು. ಆಮೇಲೆ ಆರು ವರ್ಷ ನೀಲಿಯಲ್ಲೇ ನಿಂತುಬಿಟ್ಟಳು. ಕೆಂಪಿನಲ್ಲಿ ಹೇಗೋ ದೇವರ ಹೆಸರು ಹೇಳಿಕೊಂಡು ಇಳಿಯುತ್ತಿದ್ದಳಂತೆ, ಕಪ್ಪಿನ ಮಾತೇ ಇಲ್ಲ. ಅವಳ ಯಜಮಾನರು, ಐದು ವರ್ಷದಿಂದಲೇ ಹಿಮದಲ್ಲಿ ಆಡಿ ಬೆಳೆದ ಮಗಳು, ಇಬ್ಬರೂ ಮೇಲಿನ ಇಳಿಜಾರಿಗೆ ಹಾರಿಹೋಗುವವರು. ಇವಳು ಕೆಳಗೆ ಗುಡಿಸಲಿನಂಥ ಹೋಟೆಲಿನಲ್ಲಿ ಎಲ್ಲರ ಕೈಚೀಲ, ಥರ್ಮಾಸು, ಚಪಾತಿ ರೋಲುಗಳನ್ನು ಇಟ್ಟುಕೊಂಡು ಕೂರುವವಳು. "ಅತ್ತಿಗೆ, ಮದುವೆಮನೇಲೂ ನಾನೇ ಸಾಮಾನು ಕಾಯ್ತಿದ್ದೆ, ಈ ಬೆಟ್ಟದ ಮೇಲೂ ನಾನೇ ಕಾಯ್ತೀನಿ" ಎಂದು ಫೋನಿನಲ್ಲಿ ನಗುತ್ತಲೇ ಹೇಳಿದ್ದಳು. ಆದರೆ ಮಗಳಿಗೆ 12 ತುಂಬಿದ ವರ್ಷ, "ಅಮ್ಮಾ ನೀನೂ ಬರ್ತೀಯಾ?" ಎಂದು ಕೇಳುವುದನ್ನೇ ಹುಡುಗಿ ಬಿಟ್ಟಳು. ಅದು ಅವಳಿಗೆ ನಾಟಿತು. ಇನ್ನು ನಾಲ್ಕು ವರ್ಷ ಕಳೆದರೆ ಆ ಹುಡುಗಿ ಅಪ್ಪ ಅಮ್ಮ ಯಾರ ಜೊತೆಗೂ ಬರುವುದಿಲ್ಲವಲ್ಲ!

ಖಾಸಗಿ ಶಿಕ್ಷಕರನ್ನು ಇಡೋಣವೆಂದರೆ ಒಂದು ದಿನಕ್ಕೆ ನೂರಾರು ಯೂರೋ. ಹಾಗಾಗಿ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡಿಗೆಮನೆಯ ಕಟ್ಟೆಗೆ ಫೋನು ಒರಗಿಸಿಟ್ಟುಕೊಂಡು ವಿಡಿಯೋ ಪಾಠ ಶುರುವಾಯಿತು.

ಚಿತ್ರ ನೋಡಿ ಸ್ಕೀ ಕಲಿಯುವುದು ಯೂಟ್ಯೂಬಿನಿಂದ ಹುಟ್ಟಿದ್ದೇನಲ್ಲ ಎನ್ನುವುದು ನನಗೆ ಆಶ್ಚರ್ಯವೆನಿಸಿತು. ಆಸ್ಟ್ರಿಯಾದ ಹಾನೆಸ್ ಶ್ನೈಡರ್ ಎಂಬ ಪ್ರಸಿದ್ಧ ಶಿಕ್ಷಕರನ್ನು ಇಟ್ಟುಕೊಂಡು ಆರ್ನಾಲ್ಡ್ ಫಾಂಕ್ ಎಂಬ ನಿರ್ದೇಶಕರು 1920ರಲ್ಲೇ ಸ್ಕೀಯಿಂಗ್ ಸಿನಿಮಾ ತೆಗೆದಿದ್ದರು. 1925ರಲ್ಲಿ ಇಬ್ಬರೂ ಸೇರಿ ಪುಸ್ತಕ ತಂದರು. ಅದರಲ್ಲಿ ಸಿನಿಮಾ ರೀಲಿನ ಚಿತ್ರಗಳನ್ನು ಸಾಲಾಗಿ ಅಚ್ಚು ಹಾಕಿದ್ದರು, ಮೊಣಕಾಲು ಯಾವಾಗ ಬಾಗಿತು, ಭುಜ ಎತ್ತ ತಿರುಗಿತು ಎಂದು ಓದುಗರು ಒಂದೊಂದಾಗಿ ನೋಡಲಿ ಎಂದು. ನಾವು ಇವತ್ತು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತೇವಲ್ಲ, ಅದೇ ಕೆಲಸ.

ಈಗ ಆ ವಿದ್ಯೆಯ ಒಳಗುಟ್ಟು ಸ್ವಲ್ಪ ಕೇಳಿ. ಸ್ಕೀ ಹಲಗೆ ಮುಂದೆ ಹಿಂದೆ ಅಗಲ, ನಡು ಸಣ್ಣ. ಎರಡೂ ಅಂಚಿಗೆ ಉಕ್ಕಿನ ಪಟ್ಟಿ. ಹಲಗೆಯನ್ನು ಅಂಚಿನ ಮೇಲೆ ವಾಲಿಸಿದರೆ ಅದು ಬಿಲ್ಲಿನಂತೆ ಬಾಗಿ ತಾನಾಗಿಯೇ ಕಮಾನಿನ ದಾರಿ ಹಿಡಿಯುತ್ತದೆ. ಸರಿಯಾಗಿ ತಿರುಗಿದವರ ಹಿಂದೆ ಹಿಮದ ಮೇಲೆ ರೈಲುಕಂಬಿಯ ಹಾಗೆ ಎರಡು ತೆಳ್ಳನೆ ಗೆರೆ ಬೀಳುತ್ತವೆ. ಬಾರದವರ ಹಿಂದೆ ಪೊರಕೆಯಿಂದ ಗುಡಿಸಿದಂತೆ ಅಗಲವಾದ ಕಲೆ. ತಿರುವಿನಲ್ಲಿ ಮೈಭಾರ ಹೆಚ್ಚಾಗಿ ಹೊರಗಿನ ಕಾಲಿನ ಮೇಲಿರಬೇಕು. ಮುಂಗಾಲಿನ ಎಲುಬು ಬೂಟಿನ ಮುಂಭಾಗಕ್ಕೆ ಒತ್ತಿಕೊಂಡೇ ಇರಬೇಕು. ಎದೆ ಇಳಿಜಾರಿನ ಕಡೆಗಿದ್ದು ಕಾಲುಗಳಷ್ಟೇ ಕೆಳಗೆ ತಿರುಗಬೇಕು.

ಹೇಳುವುದಕ್ಕೆ ಮೂರೇ ಮಾತು. ಆದರೆ ಕಡಿದಾದ ಇಳಿಜಾರಿನಲ್ಲಿ ಹೆದರಿಕೆ ಏನು ಮಾಡಿಸುತ್ತದೆ ಗೊತ್ತೇ? ಮೈಯನ್ನು ಹಿಂದಕ್ಕೆ, ಬೆಟ್ಟದ ಕಡೆಗೆ ಎಳೆಯುತ್ತದೆ. ಹಿಂದಕ್ಕೆ ವಾಲಿದ ಕೂಡಲೇ ಹಲಗೆಯ ಮುಂದಿನ ತುದಿ ಹಗುರಾಗಿ ಹೇಳಿದ ಮಾತು ಕೇಳುವುದಿಲ್ಲ. ಆಗ ವೇಗ ಇನ್ನೂ ಹೆಚ್ಚುತ್ತದೆ, ಹೆದರಿಕೆಯೂ ಹೆಚ್ಚುತ್ತದೆ.

ಮೊದಲನೆಯ ಚಳಿಗಾಲ ನಾದಿನಿ ವಿಡಿಯೋಗಳನ್ನು ಸಿಕ್ಕಾಪಟ್ಟೆ ನೋಡಿದಳು. ಒಬ್ಬ ಗುರು "ಮೊಣಕಾಲು ಬಾಗಿಸಿ" ಎಂದರೆ ಇನ್ನೊಬ್ಬ "ಮೊದಲು ಹಿಮ್ಮಡಿಯ ಗಂಟು ಬಾಗಲಿ" ಎನ್ನುತ್ತಾನೆ. ಬೆಟ್ಟದ ಮೇಲೆ ಹೋದಾಗ ಹತ್ತು ಮಾತೂ ಒಟ್ಟಿಗೆ ನೆನಪಾಗಿ ಮೊದಲಿಗಿಂತ ಕಡೆಯಾಯಿತಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ವಿಡಿಯೋದಲ್ಲಿ ಯಾರ ಒಬ್ಬಟ್ಟೂ ಒಡೆಯುವುದಿಲ್ಲ. ಕಣಕ ಎಷ್ಟು ನಾದಿದೆ, ಹೂರಣ ಎಷ್ಟು ಗಟ್ಟಿಯಾಯಿತು ಎಂಬುದು ನಮ್ಮ ಬೆರಳಿಗೆ ಗೊತ್ತಾಗಬೇಕೇ ಹೊರತು ಕಣ್ಣಿಗಲ್ಲ.

ದಾರಿ ತೋರಿಸಿದ್ದು ಮಗಳು. ಒಂದು ದಿನ ಸುಮ್ಮನೆ ತಮಾಷೆಗೆ ಅಮ್ಮ ಇಳಿಯುವುದನ್ನು ಫೋನಿನಲ್ಲಿ ಹಿಡಿದಳು. ರಾತ್ರಿ ಊಟದ ಮೇಜಿನ ಮೇಲೆ ಎರಡು ಫೋನು ಪಕ್ಕಪಕ್ಕ ಇಟ್ಟರು, ಒಂದರಲ್ಲಿ ಗುರು, ಇನ್ನೊಂದರಲ್ಲಿ ಇವಳು. "ಅತ್ತಿಗೆ, ನಾನು ಪೂರ್ತಿ ಮುಂದೆ ಬಾಗಿದೀನಿ ಅಂದ್ಕೊಂಡಿದ್ದೆ. ನೋಡಿದ್ರೆ ಕುರ್ಚಿ ಮೇಲೆ ಕೂತ ಹಾಗೆ ಇದೀನಿ!" ಎಂದಳು. ಅದುವರೆಗೆ ಬೇರೆಯವರನ್ನೇ ನೋಡುತ್ತಿದ್ದಳು, ತನ್ನನ್ನು ತಾನು ನೋಡಿಯೇ ಇರಲಿಲ್ಲ. ನನ್ನ ಕೇಳಿದರೆ ವಿಡಿಯೋ ಪಾಠದ ಅರ್ಧ ಪ್ರಯೋಜನ ಈ ಎರಡನೆಯ ಫೋನಿನಲ್ಲೇ ಇದೆ. ಚಿತ್ರ ತೆಗೆಯುವವರು ಇಳಿಜಾರಿನ ಅಂಚಿನಲ್ಲಿ, ಮೇಲಿನಿಂದ ಬರುವವರಿಗೆ ಕಾಣುವ ಕಡೆ ನಿಲ್ಲಬೇಕು. ಇಡೀ ಮೈ ಕಾಣುವಂತೆ ಐದಾರು ತಿರುವು ಹಿಡಿದರೆ ಸಾಕು. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿದುಹೋಗುವುದರಿಂದ ಅದನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಬೇಕಂತೆ.

ಎರಡನೆಯ ಚಳಿಗಾಲಕ್ಕೆ ಕ್ರಮ ಬದಲಾಯಿತು. ವಾರಕ್ಕೆ ಒಂದೇ ವಿಡಿಯೋ, ಒಂದೇ ಪಾಠ. ಮತ್ತೆ, ಕಪ್ಪು ಇಳಿಜಾರಿನ ವಿದ್ಯೆಯನ್ನು ಕಲಿಯಲು ಹೋದದ್ದು ನೀಲಿ ಇಳಿಜಾರಿಗೇ! ಇದಕ್ಕೆ ಸ್ವಲ್ಪ ಮಾನ ಬಿಡಬೇಕು ನೋಡಿ. ಸುತ್ತ ಐದಾರು ವರ್ಷದ ಮಕ್ಕಳು, ನಡುವೆ ಇವಳು. ನಾವು 2024ರ ಜನವರಿಯಲ್ಲಿ ಅವರ ಮನೆಗೆ ಹೋಗಿದ್ದಾಗ ನಾನು ಕೆಳಗೆ ಬೆಚ್ಚಗೆ ಟೀ ಕುಡಿಯುತ್ತಾ ಕಣ್ಣಾರೆ ನೋಡಿದೆ. ಕೈಯಲ್ಲಿನ ಎರಡು ಕೋಲುಗಳನ್ನು ಅಡ್ಡಲಾಗಿ ಹಿಡಿದು, ಅದರ ಮೇಲೆ ಕಾಫಿ ಲೋಟಗಳ ತಟ್ಟೆ ಇದೆ, ಒಂದು ಹನಿಯೂ ಚೆಲ್ಲಬಾರದು ಎಂಬಂತೆ ಇಳಿಯುವುದು ಒಂದು ಅಭ್ಯಾಸ. ಭುಜ ತಿರುಗಿಸುವ, ಒಳಕ್ಕೆ ವಾಲುವ ಚಾಳಿ ಅದರಿಂದ ಬಿಡುತ್ತದೆ. (ನೆಂಟರ ಮನೆಯಲ್ಲಿ ಕಾಫಿ ತಟ್ಟೆ ಹಿಡಿದು ಬೆಳೆದ ನಮಗೆ ಇದು ಬೇಗ ಬರಬೇಕು.) ತಿರುಗುವಾಗ ಒಳಗಿನ ಕಾಲಿನ ಹಿಮ್ಮಡಿಯನ್ನು ಒಂದಿಷ್ಟು ಮೇಲೆತ್ತಿ ಹೊರಗಾಲಿನ ಮೇಲೊಂದೇ ನಿಲ್ಲುವುದು ಇನ್ನೊಂದು. ಅದು ಬರಲು ಅವಳಿಗೆ ಮೂರು ವಾರ ಹಿಡಿಯಿತು. ಆಮೇಲೆ ಇಳಿಜಾರಿಗೆ ಅಡ್ಡ ನಿಂತು, ಅಂಚನ್ನು ಸಡಿಲ ಬಿಟ್ಟು ಜಾರುವುದು, ಬಿಗಿಮಾಡಿ ನಿಲ್ಲುವುದು. ನೋಡಲು ಏನೂ ಚೆಂದವಿಲ್ಲ. ಆದರೆ ಕಡಿದಾದ ಕಡೆ ಸಿಕ್ಕಿಹಾಕಿಕೊಂಡರೆ ಪ್ರಾಣ ಉಳಿಸುವುದು ಇದೇ ಎಂದಳು. ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯುವಷ್ಟು ಹೊತ್ತು ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಂತು ಪಾದವನ್ನು ಒಳಗೆ ಹೊರಗೆ ವಾಲಿಸುತ್ತಿದ್ದಳು. ನನ್ನ ಅತ್ತೆಯವರು "ಏನೇ ಇದು, ಕೊಕ್ಕರೆ ಥರ" ಎಂದು ಬೈದರು.

ಮಂಡಿಯ ವಿಷಯ ಹೇಳಲೇಬೇಕು. ಸ್ಕೀಯಿಂಗಿನಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಿಂದಕ್ಕೆ ಕುಳಿತಂತಾಗಿ ತಿರುಚಿಕೊಂಡು ಬಿದ್ದಾಗ ಹೀಗಾಗುವುದುಂಟು. ಆದ್ದರಿಂದ ಹಿಮ ಬೀಳುವ ಎರಡು ತಿಂಗಳ ಮುಂಚೆಯೇ ತೊಡೆಗೆ, ಸೊಂಟಕ್ಕೆ ಬಲ ಬರುವ ವ್ಯಾಯಾಮ ಶುರುವಾಗಬೇಕು. ಬಿದ್ದಾಗ ಹಲಗೆ ಬೂಟಿನಿಂದ ತಾನಾಗಿ ಕಳಚಿಕೊಳ್ಳುವ ಕೊಂಡಿ ಇರುತ್ತದೆ. ತೂಕ, ಎತ್ತರ, ವಯಸ್ಸು, ಬರುವ ವಿದ್ಯೆ ನೋಡಿ ಅದರ ಬಿಗಿಯನ್ನು ಅಂಗಡಿಯವರೇ ಕೂಡಿಸಬೇಕು. ವಿಡಿಯೋ ನೋಡಿ ನಾವೇ ತಿರುಪು ತಿರುಗಿಸುವ ಸಾಹಸ ಕೂಡದು. ಗುರುತು ಹಾಕಿದ ದಾರಿ ಬಿಟ್ಟು ಹೋಗುವುದೂ ಅಷ್ಟೇ. ಹಿಮಕುಸಿತದ ಅಪಾಯವನ್ನು ತಿಳಿದವರ ಜೊತೆ ಬೆಟ್ಟದಲ್ಲೇ ನಿಂತು ಕಲಿಯಬೇಕು.

ಇಷ್ಟಾಗಿ ಅವಳು ಒಂದು ದಿನ ಶಿಕ್ಷಕರಿಗೂ ದುಡ್ಡು ಕೊಟ್ಟಳು, ಎರಡೇ ಗಂಟೆಗೆ. ತನ್ನ ವಿಡಿಯೋ ತೋರಿಸಿ "ಇಲ್ಲಿ ಏನು ತಪ್ಪು?" ಎಂದು ಕೇಳಿದಳಂತೆ. ಬೂಟು ಒಂದು ಅಳತೆ ದೊಡ್ಡದು ಎಂದರಂತೆ ಆತ. ಕಾಲು ಒಳಗೇ ಓಡಾಡುತ್ತಿದ್ದರೆ ಅಂಚು ಹೇಗೆ ಹಿಡಿದೀತು? ಅದನ್ನು ಯಾವ ವಿಡಿಯೋ ಹೇಳಬಲ್ಲದು! ಬೂಟು ಬದಲಾದ ಮೇಲೆ ಕೆಂಪು ಇಳಿಜಾರು ಅವಳಿಗೆ ಹೆದರಿಕೆಯಿಲ್ಲದೆ ಬಂತು. ಆ ಮಾರ್ಚಿಯಲ್ಲಿ ಮಗಳ ಹಿಂದೆ ಒಂದು ಚಿಕ್ಕ ಕಪ್ಪು ಇಳಿಜಾರನ್ನೂ ಇಳಿದಳು. ನಡುವೆ ಎರಡು ಸಲ ನಿಂತಳು, ಮಗಳು ಎರಡು ಸಲವೂ ಕಾದಳು. ಸಾಮಾನಿನ ಚೀಲವನ್ನು ಈಗ ಲಾಕರಿನಲ್ಲಿ ಇಡುತ್ತಾರೆ.

ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿಯಲ್ಲಿ ನೂರನೆಯ ವಿಶ್ವಕಪ್ ಪಂದ್ಯ ಗೆದ್ದರಲ್ಲ, ಅವರಿಗೆ ಬಹುಕಾಲ ತರಬೇತಿ ಕೊಟ್ಟವರಲ್ಲಿ ಅವರ ತಾಯಿಯೇ ಒಬ್ಬರು. ನಮ್ಮ ನಾದಿನಿಯ ಮನೆಯಲ್ಲಿ ಮಾತ್ರ ಮಗಳೇ ಗುರು.

ನಮ್ಮವರಿಗೂ ಹಿಮ ತೀರ ದೂರವೇನಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಮೂರು ಚಿನ್ನ ತಂದರು. ಅವರದು ಬೆಟ್ಟದಿಂದ ಇಳಿಯುವ ಬಗೆಯಲ್ಲ, ಹಿಮದ ಮೇಲೆ ಬಹುದೂರ ಸಾಗುವ ಬಗೆ. ನಿಮ್ಮ ಮಕ್ಕಳು ಆಸೆಪಟ್ಟರೆ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಮನಾಲಿಯಲ್ಲಿ ಸರ್ಕಾರದ ಸಂಸ್ಥೆಗಳೇ ಚಳಿಗಾಲದಲ್ಲಿ ಸ್ಕೀ ತರಬೇತಿ ನಡೆಸುತ್ತವೆ. ಮೊದಲ ಪಾಠವನ್ನು ಅಲ್ಲಿನ ಗುರುಗಳಿಂದಲೇ ಕಲಿಯಲಿ, ವಿಡಿಯೋ ಆಮೇಲಿನದು. ಕಳಿಸುವಾಗ ಹತ್ತಿ ಬನಿಯನ್ ಕಟ್ಟಿಕೊಡಬೇಡಿ, ಬೆವರು ಕುಡಿದು ಮೈಗೆ ಚಳಿ ಹಿಡಿಸುತ್ತದೆ. ಉಣ್ಣೆಯದು ಒಳ್ಳೆಯದು. ಚಳಿಯೆಂದು ಎರಡೆರಡು ಜೊತೆ ಕಾಲುಚೀಲ ಹಾಕಿಸುವುದೂ ಬೇಡ. ಬೂಟಿನೊಳಗೆ ಮಡಿಕೆ ಬಿದ್ದು ಬೊಬ್ಬೆ ಏಳುತ್ತದೆ. ಮೊಣಕಾಲವರೆಗೆ ಬರುವ ತೆಳುವಾದ ಉಣ್ಣೆಯ ಒಂದು ಜೊತೆ ಸಾಕು.